ಜೀವಕೋಶದ ದುಡಿಮೆ

ಕೃಷ್ಣಾ ನದಿಯ ಎಡದಂಡೆಯಲ್ಲಿ, ವಿಜಯವಾಡ ನಗರಕ್ಕೆ ಒತ್ತಿಕೊಂಡು ನಿಂತಿರುವ ಇಂದ್ರಕೀಲಾದ್ರಿಯನ್ನು ಕನ್ನಡಿಗರು ಕನಕದುರ್ಗೆಯ ನೆಲೆಯೆಂದೂ, ಅರ್ಜುನನು ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ ಗಿರಿಯೆಂದೂ ಬಲ್ಲರು. ಭೂವಿಜ್ಞಾನದ ಪ್ರಕಾರ ಈ ಸೀಮೆಯ ಗುಡ್ಡಗಳು ಪೂರ್ವಘಟ್ಟಗಳ ಸಾಲಿಗೆ ಸೇರಿದವು. ಖೊಂಡಲೈಟ್ ಎಂಬ ಅತಿ ಪುರಾತನ ರೂಪಾಂತರ ಶಿಲೆ ಇಲ್ಲಿ ಹೇರಳವಾಗಿದೆ. ಆ ಕಲ್ಲನ್ನು ತೆಳ್ಳಗೆ ಅರೆದು ಮಾಡಿದ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗಾರ್ನೆಟ್, ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಮುಂತಾದ ಖನಿಜಗಳ ಹರಳುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಕಾಣುತ್ತದೆ. ಬಂಡೆಯ ಸಂದಿನಲ್ಲಿ ಬೇರುಬಿಟ್ಟ ಗಿಡವೊಂದರ ಎಲೆಯ ತೆಳುಸೀಳನ್ನು ನೋಡಿದರೂ ಅಂಚುಳ್ಳ ಸಣ್ಣ ಸಣ್ಣ ಘಟಕಗಳು ಒತ್ತಾಗಿ ಜೋಡಿಕೊಂಡಿರುವುದೇ ಕಾಣುತ್ತದೆ. ಎರಡೂ ಘಟಕಗಳಿಂದಲೇ ಆದವುಗಳಾಗಿದ್ದರೂ ಒಂದು ಜಡ, ಇನ್ನೊಂದು ಜೀವಂತ. ಈ ಅಂತರದ ಮೂಲವನ್ನು ಘಟಕದ ಆಕಾರದಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಘಟಕ ಎಡೆಬಿಡದೆ ನಡೆಸುವ ಕೆಲಸದಲ್ಲಿ ಸಿಗುತ್ತದೆ. ಶಾಲೆಯಲ್ಲಿ ಜೀವಕೋಶದ ಪಾಠ ಆರಂಭಿಸುವ ವಿದ್ಯಾರ್ಥಿಗೆ ಮೊದಲು ಮನವರಿಕೆಯಾಗಬೇಕಾದುದು ಇದೇ.

ಕಲ್ಲಿನ ಹರಳು ತನ್ನೊಳಗೆ ಏನು ಬರಬೇಕು, ಏನು ಬರಬಾರದು ಎಂಬುದನ್ನು ನಿಯಂತ್ರಿಸುವುದಿಲ್ಲ. ಹಾಗೇ ಉಳಿಯಲು ಅದಕ್ಕೆ ಶಕ್ತಿಯೂ ಬೇಕಿಲ್ಲ, ತನ್ನಂಥ ಇನ್ನೊಂದನ್ನು ಹುಟ್ಟಿಸುವ ಬರಹವೂ ಅದರೊಳಗಿಲ್ಲ. ಜೀವಕೋಶದಲ್ಲಾದರೋ ಈ ಮೂರೂ ಉಂಟು. ಅದನ್ನು ಸುತ್ತುವರಿದ ಕೋಶಪೊರೆಯು ಒಳಗಿನ ದ್ರವಕ್ಕೂ ಹೊರಗಿನ ಪರಿಸರಕ್ಕೂ ನಡುವೆ ನಿಂತು, ಕೆಲವನ್ನು ಬಿಟ್ಟುಕೊಂಡು ಕೆಲವನ್ನು ತಡೆಯುತ್ತದೆ. ಡಿಎನ್‌ಎ ಎಂಬ ಉದ್ದನೆಯ ಅಣುವಿನಲ್ಲಿ ಆ ಕೋಶ ಏನನ್ನು ತಯಾರಿಸಬೇಕೆಂಬ ಅನುವಂಶೀಯ ಸೂಚನೆಗಳಿವೆ. ಆಹಾರದ ಅಣುಗಳನ್ನು ಒಡೆದು, ಬಿಡುಗಡೆಯಾದ ಶಕ್ತಿಯನ್ನು ಕೆಲಸಕ್ಕೆ ಬಳಸಿಕೊಳ್ಳುವ ರಾಸಾಯನಿಕ ವ್ಯವಸ್ಥೆಯಿದೆ. ಈ ಮೂರೂ ಒಟ್ಟಾಗಿ ಇರುವ ಅತಿ ಚಿಕ್ಕ ಘಟಕವೇ ಜೀವಕೋಶವಾದ್ದರಿಂದ, ಅದನ್ನು ಒಡೆದು ಭಾಗಗಳನ್ನು ಬೇರೆ ಬೇರೆ ಇಟ್ಟರೆ ಒಂದೊಂದು ಭಾಗ ಕೆಲಹೊತ್ತು ತನ್ನ ಕೆಲಸ ಮಾಡೀತೇ ಹೊರತು ಯಾವುದೂ ತಾನಾಗಿ ಬದುಕಲಾರದು. ಜೀವಕೋಶವನ್ನು ಜೀವದ ಮೂಲ ಘಟಕವೆಂದು ಕರೆಯುವುದು ಈ ಅರ್ಥದಲ್ಲಿ.

ಗೋಡೆಯಿಂದ ಒಳಗಿನತ್ತ

ಈ ತಿಳಿವಳಿಕೆ ಬಂದದ್ದು ಹೊರಗಿನಿಂದ ಒಳಕ್ಕೆ, ನಿಧಾನವಾಗಿ. ಇಂಗ್ಲೆಂಡಿನ ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ‘ಮೈಕ್ರೊಗ್ರಾಫಿಯಾ’ ಎಂಬ ಗ್ರಂಥದಲ್ಲಿ ಬೆಂಡಿನ ತೆಳುಸೀಳಿನಲ್ಲಿ ಕಂಡ ಸಣ್ಣ ಕೋಣೆಗಳನ್ನು ಚಿತ್ರಿಸಿ ಹೆಸರಿಟ್ಟರು. ಆದರೆ ಬೆಂಡು ಮರದ ಸತ್ತ ತೊಗಟೆಯಾದ್ದರಿಂದ ಅವರು ನೋಡಿದ್ದು ಒಡೆಯರಿಲ್ಲದ ಗೋಡೆಗಳನ್ನು ಮಾತ್ರ. ಹಾಲೆಂಡಿನ ಆಂಟನಿ ವಾನ್ ಲ್ಯೂವೆನ್‌ಹುಕ್ 1670ರ ದಶಕದಲ್ಲಿ ತಾವೇ ಉಜ್ಜಿ ಮಾಡಿದ ಮಸೂರಗಳ ಮೂಲಕ ಕೆರೆಯ ನೀರಿನಲ್ಲಿ ಚಲಿಸುವ ಏಕಕೋಶ ಜೀವಿಗಳನ್ನು ಕಂಡರು. 1831ರಲ್ಲಿ ರಾಬರ್ಟ್ ಬ್ರೌನ್ ಆರ್ಕಿಡ್ ಗಿಡಗಳ ಕೋಶಗಳಲ್ಲಿ ದುಂಡನೆಯ ಕೋಶಕೇಂದ್ರವನ್ನು ಗುರುತಿಸಿದರು. 1838ರಲ್ಲಿ ಸಸ್ಯಗಳೆಲ್ಲವೂ, 1839ರಲ್ಲಿ ಪ್ರಾಣಿಗಳೆಲ್ಲವೂ ಕೋಶಗಳಿಂದಾದವೆಂದು ಜರ್ಮನಿಯ ಷ್ಲೈಡನ್ ಮತ್ತು ಷ್ವಾನ್ ಕ್ರಮವಾಗಿ ಸಾರಿದರು. ಕೋಶ ಹುಟ್ಟುವುದು ಹೇಗೆ ಎಂಬ ವಿಷಯದಲ್ಲಿ ಮಾತ್ರ ಅವರಿಬ್ಬರ ಊಹೆ ತಪ್ಪಾಗಿತ್ತು. ಪ್ರತಿಯೊಂದು ಕೋಶವೂ ಅದಕ್ಕೆ ಮೊದಲೇ ಇದ್ದ ಇನ್ನೊಂದು ಕೋಶ ಒಡೆದು ಎರಡಾಗುವುದರಿಂದಲೇ ಬರುತ್ತದೆಂಬುದನ್ನು ರಾಬರ್ಟ್ ರೆಮಾಕ್ ತಮ್ಮ ಅವಲೋಕನಗಳಿಂದ ತೋರಿಸಿದರೆ, 1850ರ ದಶಕದಲ್ಲಿ ರುಡಾಲ್ಫ್ ವಿರ್ಶೊ ಅದನ್ನು ಸಿದ್ಧಾಂತವಾಗಿ ಹರಡಿದರು. ರೋಗವೆಂಬುದೂ ಮೂಲತಃ ಕೋಶಗಳಲ್ಲಿ ಆಗುವ ಕೆಡುಕೇ ಎಂಬ ಮಾತನ್ನು ಅದಕ್ಕೆ ಸೇರಿಸಿದರು.

ಇಂದಿನ ಶಾಲೆಗಳಲ್ಲಿ ಈ ಇತಿಹಾಸದ ಮೊದಲ ಹೆಜ್ಜೆಯನ್ನು ಈರುಳ್ಳಿಯ ಪೊರೆಯಿಂದ ಹಾಕಿಸುತ್ತಾರೆ. ಈರುಳ್ಳಿಯ ದಪ್ಪ ಪದರವೊಂದರ ಒಳಮೈಯಿಂದ ಚಿಮಟದಲ್ಲಿ ಎಳೆದ ಪಾರದರ್ಶಕ ಪೊರೆಯನ್ನು ಗಾಜಿನ ಸ್ಲೈಡಿನ ಮೇಲೆ ನೀರಿನಲ್ಲಿ ಹರಡಿ, ಒಂದು ಹನಿ ಸಫ್ರನಿನ್ ಬಣ್ಣ ಹಾಕಿ, ಗಾಳಿಗುಳ್ಳೆ ಸೇರದಂತೆ ಕವರ್ ಸ್ಲಿಪ್ ಮುಚ್ಚಿ ನೋಡಿದರೆ, ಉದ್ದುದ್ದನೆಯ ಕೋಶಗಳ ಸಾಲುಗಳೂ ಪ್ರತಿಯೊಂದರ ಅಂಚಿಗೆ ಸರಿದ ಕೆಂಪು ಚುಕ್ಕೆಯಂಥ ಕೋಶಕೇಂದ್ರವೂ ಸ್ಪಷ್ಟವಾಗಿ ಕಾಣುತ್ತವೆ. ಕೋಶದ ಬಹುಭಾಗವನ್ನು ರಸದಾನಿ ಎಂಬ ದ್ರವತುಂಬಿದ ಚೀಲ ಆಕ್ರಮಿಸಿಕೊಂಡಿರುವುದರಿಂದ ಕೋಶಕೇಂದ್ರ ಹೀಗೆ ಪಕ್ಕಕ್ಕೆ ತಳ್ಳಲ್ಪಟ್ಟಿರುತ್ತದೆ. ಇದನ್ನು ಕಂಡ ವಿದ್ಯಾರ್ಥಿಗಳು ಚಿತ್ರ ಬರೆದು ಕೋಶಭಿತ್ತಿ, ಕೋಶಪೊರೆ, ಕೋಶದ್ರವ್ಯ, ಕೋಶಕೇಂದ್ರ ಎಂದು ನಾಲ್ಕು ಕಡೆ ಗೆರೆ ಎಳೆದು ಹೆಸರು ಬರೆಯುವುದು ವಾಡಿಕೆ. ಆದರೆ ಆ ನಾಲ್ಕರಲ್ಲಿ ಕೋಶಪೊರೆಯನ್ನು ಶಾಲೆಯ ಸೂಕ್ಷ್ಮದರ್ಶಕದಲ್ಲಿ ಯಾರೂ ನೇರವಾಗಿ ನೋಡಿರುವುದಿಲ್ಲ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲನ್ನು ನ್ಯಾನೊಮೀಟರ್ ಎನ್ನುತ್ತಾರೆ. ಬೆಳಕನ್ನು ಬಳಸುವ ಸಾಮಾನ್ಯ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೊಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರ್ಪಡಿಸಿ ತೋರಿಸಲಾರದು, ಕೋಶಪೊರೆಯ ದಪ್ಪವೋ ಹತ್ತು ನ್ಯಾನೊಮೀಟರಿಗಿಂತಲೂ ಕಡಿಮೆ.

ಕಾಣದ ಪೊರೆ ಇದೆಯೆಂದು ತಿಳಿಯುವುದು ಅದರ ನಡತೆಯಿಂದ. ಸ್ಲೈಡಿನ ಮೇಲಿರುವ ಜೀವಂತ ಎಲೆಸಿಪ್ಪೆಗೆ ಗಟ್ಟಿ ಉಪ್ಪುನೀರು ಬಿಟ್ಟರೆ ಕೋಶದೊಳಗಿನ ನೀರು ಹೊರಕ್ಕೆ ಹೊರಟು, ಒಳಗಿನ ದ್ರವ್ಯವೆಲ್ಲ ಕೋಶಭಿತ್ತಿಯಿಂದ ಬಿಡಿಸಿಕೊಂಡು ನಡುವೆ ಮುದುಡಿ ಕೂರುತ್ತದೆ. ಬಣ್ಣವಿರುವ ಎಲೆಯಾದರೆ ಆ ಮುದುಡಿದ ಅಂಚು ಕಣ್ಣಿಗೆ ಕಾಣುತ್ತದೆ. ಅದೇ ಎಲೆಯನ್ನು ಮೊದಲೇ ಕುದಿಸಿ ನಂತರ ಉಪ್ಪುನೀರಿನಲ್ಲಿಟ್ಟರೆ ಏನೂ ಆಗುವುದಿಲ್ಲ, ಏಕೆಂದರೆ ಕುದಿಸಿದಾಗ ಪೊರೆ ಹಾಳಾಗಿ, ನೀರನ್ನು ಬಿಟ್ಟು ಉಪ್ಪನ್ನು ತಡೆಯುವ ಅದರ ಶಕ್ತಿ ಹೋಗಿರುತ್ತದೆ. ಗೋಡೆ ಎರಡರಲ್ಲೂ ಹಾಗೆಯೇ ನಿಂತಿದ್ದರೂ ಒಂದು ಬದುಕಿದೆ, ಇನ್ನೊಂದು ಸತ್ತಿದೆ ಎಂಬ ತೀರ್ಪನ್ನು ಈ ಒಂದು ಪ್ರಯೋಗ ಕೊಡುತ್ತದೆ. ಆಂಧ್ರದ ಮನೆಗಳಲ್ಲಿ ಆವಕಾಯಿ ಉಪ್ಪಿನಕಾಯಿ ಹಾಕಿದ ಬಳಿಕ ಮಾವಿನ ಹೋಳುಗಳು ನೀರು ಬಿಟ್ಟುಕೊಳ್ಳುವುದಕ್ಕೂ ಉಪ್ಪು ಕೋಶಗಳಿಂದ ನೀರನ್ನು ಸೆಳೆಯುವುದೇ ಕಾರಣ.

ಒಂದೇ ಕಾಯಿ, ಬೇರೆ ಬೇರೆ ಕಸುಬು

ಒಂದೇ ಜೀವಿಯ ಕೋಶಗಳೆಲ್ಲ ಹೆಚ್ಚುಕಡಮೆ ಒಂದೇ ಡಿಎನ್‌ಎ ಹೊಂದಿದ್ದರೂ ಅವು ಮಾಡುವ ಕೆಲಸ ಒಂದೇ ಅಲ್ಲ. ಇದಕ್ಕೆ ಇಂದ್ರಕೀಲಾದ್ರಿಯ ಎದುರು ದಂಡೆಯ ಸೀಮೆಯಾದ ಗುಂಟೂರಿನ ಮೆಣಸಿನಕಾಯಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಮೆಣಸಿನಕಾಯಿಯ ಖಾರವೆಲ್ಲ ಬೀಜದಲ್ಲಿದೆಯೆಂಬ ನಂಬಿಕೆ ವ್ಯಾಪಕವಾಗಿದ್ದರೂ, ಕ್ಯಾಪ್ಸೇಸಿನ್ ಎಂಬ ಖಾರದ ವಸ್ತುವನ್ನು ತಯಾರಿಸುವವು ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನ ಹೊರಪದರದ ಕೋಶಗಳು. ಅವು ತಯಾರಿಸಿ ಹೊರಹಾಕಿದ ವಸ್ತು ಆ ಪದರದ ಮೇಲೆ ಸಣ್ಣ ಗುಳ್ಳೆಗಳಾಗಿ ನಿಂತು, ಅವು ಒಡೆದಾಗ ಬೀಜಗಳಿಗೂ ಬಳಿದುಕೊಳ್ಳುತ್ತದೆ. ಕಾಯಿಯ ಕೆಂಪು ಬಣ್ಣ ಇರುವುದು ಬೇರೆಡೆಯಲ್ಲಿ, ಅಂದರೆ ಸಿಪ್ಪೆಯ ಕೋಶಗಳಲ್ಲಿ. ಕಾಯಿ ಎಳೆಯದಾಗಿದ್ದಾಗ ಆ ಕೋಶಗಳೊಳಗೆ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಕಣಗಳಾದ ಕ್ಲೋರೋಪ್ಲಾಸ್ಟುಗಳಿರುತ್ತವೆ. ಹಣ್ಣಾಗುತ್ತ ಬಂದಂತೆ ಅವೇ ಹಸಿರನ್ನು ಕಳೆದುಕೊಂಡು, ಕೆಂಪು ವರ್ಣಕಗಳನ್ನು ತುಂಬಿಕೊಂಡ ಕ್ರೋಮೋಪ್ಲಾಸ್ಟುಗಳಾಗಿ ಮಾರ್ಪಡುತ್ತವೆ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರಿನದು ಖಾರಕ್ಕೆ ಹೆಸರಾಗಿರುವುದು ಸಾಧ್ಯವಾದದ್ದೇ ಬಣ್ಣದ ಕೆಲಸ ಒಂದು ಬಗೆಯ ಕೋಶಕ್ಕೂ ಖಾರದ ಕೆಲಸ ಇನ್ನೊಂದು ಬಗೆಯ ಕೋಶಕ್ಕೂ ಹಂಚಿಹೋಗಿರುವುದರಿಂದ. ಒಂದು ಹೆಚ್ಚಾದ ಮಾತ್ರಕ್ಕೆ ಇನ್ನೊಂದು ಹೆಚ್ಚಬೇಕಾಗಿಲ್ಲ.

ಒಂದೇ ಬಗೆಯ ಕೆಲಸ ಮಾಡುವ ಕೋಶಗಳ ಗುಂಪಿಗೆ ಅಂಗಾಂಶವೆಂದೂ, ಹಲವು ಅಂಗಾಂಶಗಳು ಸೇರಿ ಆದುದಕ್ಕೆ ಅಂಗವೆಂದೂ ಹೆಸರು. ಮನುಷ್ಯನ ದೇಹದಲ್ಲಿ 30 ಲಕ್ಷ ಕೋಟಿಗೂ ಮಿಕ್ಕ ಕೋಶಗಳಿವೆಯೆಂದು ಅಂದಾಜು ಮಾಡಲಾಗಿದ್ದು, ಸಂಖ್ಯೆಯಲ್ಲಿ ಬಹುಪಾಲು ಕೆಂಪು ರಕ್ತಕಣಗಳೇ. ಅಡ್ಡಳತೆ 7ರಿಂದ 8 ಮೈಕ್ರೊಮೀಟರ್ ಇರುವ, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 130 ಸಾಲಾಗಿ ಕೂರಬಹುದಾದ ಈ ಕಣಗಳು ಆಮ್ಲಜನಕ ಸಾಗಿಸಲು ಜಾಗ ಮಾಡಿಕೊಳ್ಳುವುದಕ್ಕಾಗಿ ತಮ್ಮ ಕೋಶಕೇಂದ್ರವನ್ನೇ ಹೊರಹಾಕಿ, ಸುಮಾರು 120 ದಿನ ದುಡಿದು ಸಾಯುತ್ತವೆ. ಬೆನ್ನುಹುರಿಯಿಂದ ಕಾಲಿನವರೆಗೆ ಚಾಚುವ ನರಕೋಶದ ಎಳೆಯಾದರೋ ಒಂದು ಮೀಟರಿನಷ್ಟು ಉದ್ದವಿರಬಲ್ಲದು.

ಇನ್ನೊಂದು ತುದಿಯಲ್ಲಿ ಇಡೀ ಜೀವಿಯೇ ಒಂದು ಕೋಶವಾಗಿರುವ ಬಗೆಯಿದೆ. ವಿಶಾಖಪಟ್ಟಣದ ಕಡಲಿನಲ್ಲಿ ಸಿಲಿಕಾದ ಚಿಪ್ಪು ತೊಟ್ಟು ತೇಲುವ ಡಯಾಟಮ್ ಎಂಬ ಏಕಕೋಶ ಪಾಚಿಗಳು ಇದಕ್ಕೆ ಸೇರಿದವು. ಅವುಗಳಲ್ಲೊಂದಾದ ಆಸ್ಟರಿಯೊನೆಲ್ಲ ಅದೇ ನಗರದ ವಾಲ್ಟೇರ್ ತೀರದಲ್ಲಿ ನೀರಿನ ಬಣ್ಣವೇ ಬದಲಾಗುವಷ್ಟು ವಿಪರೀತವಾಗಿ ಬೆಳೆದುದರ ಅಧ್ಯಯನ 1969ರಲ್ಲಿ ಪ್ರಕಟವಾಯಿತು. ಗುಂಪಿನಲ್ಲಿ ಎಷ್ಟೇ ಇದ್ದರೂ ಅಲ್ಲಿ ಪ್ರತಿಯೊಂದು ಕೋಶವೂ ಆಹಾರ ತಯಾರಿಕೆ, ಉಸಿರಾಟ, ವಂಶಾಭಿವೃದ್ಧಿ ಎಲ್ಲವನ್ನೂ ತಾನೇ ನಿಭಾಯಿಸಬೇಕು.

ಕೋಶಗಳು ಇಷ್ಟು ಚಿಕ್ಕವಾಗಿರುವುದಕ್ಕೂ ಕಾರಣವಿದೆ. ಒಂದು ಮಿಲಿಮೀಟರ್ ಬದಿಯ ಘನಾಕೃತಿಯ ಗಾತ್ರ 1 ಘನ ಮಿಲಿಮೀಟರ್, ಮೈ 6 ಚದರ ಮಿಲಿಮೀಟರ್. ಬದಿಯನ್ನು ಎರಡು ಮಿಲಿಮೀಟರಿಗೆ ಹೆಚ್ಚಿಸಿದರೆ ಗಾತ್ರ 8 ಆಗುತ್ತದೆ, ಮೈ 24ಕ್ಕೆ ನಿಲ್ಲುತ್ತದೆ. ಒಳಗಿನ ಹಸಿವು ಎಂಟು ಪಟ್ಟು, ಅದನ್ನು ತಣಿಸುವ ಮೈಹರವು ನಾಲ್ಕೇ ಪಟ್ಟು ಎಂದಾದ ಮೇಲೆ ಕೋಶ ಬೆಳೆಯುತ್ತ ಹೋದಷ್ಟೂ ಅದಕ್ಕೆ ಆಹಾರವೂ ಆಮ್ಲಜನಕವೂ ಸಾಲದೆ ಬರುತ್ತವೆ. ಆದ್ದರಿಂದ ದೇಹ ದೊಡ್ಡದಾಗುವುದು ಮುಖ್ಯವಾಗಿ ಕೋಶಗಳು ವಿಭಜಿಸಿ ಸಂಖ್ಯೆಯಲ್ಲಿ ಹೆಚ್ಚುವುದರಿಂದ.

ಭೀಮವರಂನಿಂದ ಬಂದ ರಸಾಯನಜ್ಞ

ಕೋಶದೊಳಗಿನ ದುಡಿಮೆಯನ್ನು ಅರಿಯಲು ಮಸೂರದ ಜೊತೆಗೆ ರಸಾಯನಶಾಸ್ತ್ರವೂ ಬೇಕಾಯಿತು. ಆ ಅರಿವಿನಲ್ಲಿ ಈ ಪ್ರದೇಶದವರೇ ಆದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ಪಾಲು ಬಹಳ ದೊಡ್ಡದು. ಇಂದ್ರಕೀಲಾದ್ರಿಗೆ ಪೂರ್ವದಲ್ಲಿ ಸುಮಾರು 100 ಕಿಲೋಮೀಟರ್ ದೂರದ, ಗೋದಾವರಿ ಮುಖಜಭೂಮಿಯ ಭೀಮವರಂನಲ್ಲಿ 1895ರ ಜನವರಿ 12ರಂದು ಹುಟ್ಟಿದ ಅವರು ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದಿ, ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟ ಕಾರಣಕ್ಕೆ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾಗಿ, ಎಂಬಿಬಿಎಸ್ ಪದವಿಯ ಬದಲು ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್ ಪ್ರಮಾಣಪತ್ರ ಪಡೆದು ಹೊರಬಂದರು. 1922ರಲ್ಲಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋಗಿ, ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರೊಡನೆ ಕೆಲಸಕ್ಕೆ ತೊಡಗಿದರು.

ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದ ರಂಜಕ ಅಳೆಯುವ ವಿಧಾನ ಇಂದಿಗೂ ಅವರ ಹೆಸರಿನಲ್ಲೇ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ರಕ್ತ ಅಥವಾ ಮೂತ್ರದ ಮಾದರಿಗೆ ಮಾಲಿಬ್ಡೇಟನ್ನೂ ಒಂದು ಅಪಕರ್ಷಕ ವಸ್ತುವನ್ನೂ ಬೆರೆಸಿದಾಗ ನೀಲಿ ಬಣ್ಣ ಮೂಡುತ್ತದೆ. ನೀಲಿ ಎಷ್ಟು ಗಾಢವೋ ರಂಜಕ ಅಷ್ಟು ಹೆಚ್ಚು. ಈ ಪರೀಕ್ಷೆಯನ್ನು ಸ್ನಾಯುವಿನ ಸಾರದ ಮೇಲೆ ನಡೆಸಿದಾಗ ನೀಲಿ ಬಣ್ಣ ಕೂಡಲೇ ಪೂರ್ತಿಯಾಗಿ ಮೂಡದೆ ನಿಧಾನವಾಗಿ ಏರುತ್ತ ಹೋಯಿತು. ತೊಡಕಿನಂತೆ ಕಂಡ ಆ ವಿಳಂಬದ ಬೆನ್ನುಹತ್ತಿದಾಗ, ಸ್ನಾಯುವಿನಲ್ಲಿ ಸುಲಭವಾಗಿ ಒಡೆಯುವ ರಂಜಕದ ಸಂಯುಕ್ತವೊಂದಿದ್ದು ಅದು ಪರೀಕ್ಷೆಯ ನಡುವೆಯೇ ಒಡೆಯುತ್ತಿದೆಯೆಂಬುದು ತಿಳಿದುಬಂತು. ಅದೇ 1927ರಲ್ಲಿ ಅವರು ವರದಿ ಮಾಡಿದ ಫಾಸ್ಫೊಕ್ರಿಯಾಟಿನ್. ಎರಡು ವರ್ಷಗಳ ನಂತರ, 1929ರಲ್ಲಿ, ಅಡಿನೊಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ, ಎಂಬ ಇನ್ನೊಂದು ಸಂಯುಕ್ತವನ್ನು ಅವರು ಬೇರ್ಪಡಿಸಿದರು; ಅದೇ ವರ್ಷ ಜರ್ಮನಿಯಲ್ಲಿ ಕಾರ್ಲ್ ಲೋಮನ್ ಅವರೂ ಸ್ವತಂತ್ರವಾಗಿ ಅದನ್ನು ಕಂಡುಹಿಡಿದರು.

ಈ ಎಟಿಪಿಯ ಮಹತ್ವವನ್ನು 1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಸಮಗ್ರವಾಗಿ ವಿವರಿಸಿದರು. ಅನ್ನವಾಗಲಿ ಎಣ್ಣೆಯಾಗಲಿ ಕೋಶದ ಕೆಲಸಕ್ಕೆ ನೇರವಾಗಿ ಒದಗುವುದಿಲ್ಲ. ಅವುಗಳಲ್ಲಿರುವ ಶಕ್ತಿಯನ್ನು ಮೊದಲು ಎಟಿಪಿಗೆ ಬದಲಾಯಿಸಿಕೊಂಡು, ಆಮೇಲೆ ಒಂದೊಂದು ಕೆಲಸಕ್ಕೂ ಅದನ್ನು ವೆಚ್ಚಮಾಡಬೇಕಾದ್ದರಿಂದ ಎಟಿಪಿಯನ್ನು ಕೋಶದ ಚಲಾವಣೆಯ ನಾಣ್ಯವೆನ್ನುತ್ತಾರೆ. ಮೂರು ಫಾಸ್ಫೇಟುಗಳಲ್ಲಿ ಕೊನೆಯದು ಕಳಚಿದಾಗ ಕೆಲಸಕ್ಕೆ ಶಕ್ತಿ ಸಿಗುತ್ತದೆ. ಆಮ್ಲಜನಕದ ನೆರವಿನಿಂದ ಆಹಾರವನ್ನು ಉರಿಸುವ ಮೈಟೊಕಾಂಡ್ರಿಯಗಳು ಆ ಫಾಸ್ಫೇಟನ್ನು ಮತ್ತೆ ಜೋಡಿಸುತ್ತವೆ. ಯಾವುದೇ ಕ್ಷಣದಲ್ಲಿ ಮನುಷ್ಯನ ದೇಹದಲ್ಲಿರುವ ಎಟಿಪಿ ಬಹಳ ಸ್ವಲ್ಪವಾದರೂ, ಒಡೆದು ಕೂಡುವ ಈ ಚಕ್ರ ಬಿಡುವಿಲ್ಲದೆ ತಿರುಗುವುದರಿಂದ ಒಂದು ದಿನದಲ್ಲಿ ಬಳಕೆಯಾಗುವ ಒಟ್ಟು ಎಟಿಪಿ ದೇಹದ ತೂಕಕ್ಕೆ ಹತ್ತಿರವಾಗುತ್ತದೆಂದು ಲೆಕ್ಕಹಾಕಲಾಗಿದೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಕೋಶಗಳು ಸಾಯತೊಡಗುವುದು ಈ ಚಕ್ರ ನಿಲ್ಲುವುದರಿಂದಲೇ.

ಒಡೆಯಲಾಗದ ಕೋಶ, ಒಡೆಯುವುದನ್ನು ನಿಲ್ಲಿಸದ ಕೋಶ

ಸುಬ್ಬರಾವ್ ಅವರ ಎರಡನೆಯ ಕಾರ್ಯಕ್ಷೇತ್ರ ಕೋಶ ವಿಭಜನೆಗೆ ಸಂಬಂಧಿಸಿದ್ದು. ಮುಂಬಯಿಯಲ್ಲಿ ಬಡ ಗರ್ಭಿಣಿಯರನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯು ಮಾರ್ಮೈಟ್ ಎಂಬ ಯೀಸ್ಟಿನ ಸಾರದಿಂದ ವಾಸಿಯಾಗುತ್ತದೆಂದು ಲೂಸಿ ವಿಲ್ಸ್ ಎಂಬ ವೈದ್ಯೆ 1931ರಲ್ಲಿ ಪ್ರಕಟಿಸಿದ್ದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತು ಸೊಪ್ಪುಗಳಲ್ಲೂ ಇರುವ ಫೋಲಿಕ್ ಆಮ್ಲವೆಂದು ಮುಂದೆ ಗೊತ್ತಾಯಿತು. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲಿ ಪ್ರಯೋಗಾಲಯವನ್ನು ಸೇರಿದ ಸುಬ್ಬರಾವ್ ಅವರ ತಂಡ 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸಿತು. ಕರುಳು ಆಹಾರವನ್ನು ಹೀರಿಕೊಳ್ಳಲಾರದಂತೆ ಮಾಡುವ ಸ್ಪ್ರೂ ಎಂಬ ಬೇನೆಗೆ ಅವರ ಅಣ್ಣ ಬಲಿಯಾಗಿದ್ದರು. ಅದೇ ಬೇನೆಗೆ ಈಗ ಫೋಲಿಕ್ ಆಮ್ಲ ಮದ್ದಾಯಿತು.

ಕೋಶ ಒಡೆಯುವ ಮುನ್ನ ತನ್ನ ಡಿಎನ್‌ಎಯ ಪೂರ್ಣ ನಕಲನ್ನು ತಯಾರಿಸಿಕೊಳ್ಳಬೇಕು; ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಥೈಮಿನ್ ಹೊತ್ತ ಘಟಕವನ್ನು ತಯಾರಿಸಲು ಫೋಲಿಕ್ ಆಮ್ಲ ಬೇಕೇಬೇಕು. ಅದು ಸಾಲದಾದಾಗ ಮೂಳೆಯ ಮಜ್ಜೆಯಲ್ಲಿ ಕೆಂಪು ರಕ್ತಕಣಗಳಾಗಬೇಕಾದ ಕೋಶಗಳು ಬೆಳೆಯುತ್ತವೆ, ಆದರೆ ಒಡೆಯಲಾರವು. ಅಂಥ ರೋಗಿಯ ಮಜ್ಜೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಅಸಹಜವಾಗಿ ದೊಡ್ಡವಾಗಿದ್ದು, ಕೋಶಕೇಂದ್ರಗಳು ಇನ್ನೂ ಎಳೆಯವಂತೆ ಸಡಿಲವಾಗಿಯೇ ಉಳಿದಿರುತ್ತವೆ. ದೇಹಕ್ಕೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕೆಂಪು ಕಣಗಳು ಬೇಕಾಗಿರುವುದರಿಂದ ಈ ತಡೆ ಬಹುಬೇಗ ರಕ್ತಹೀನತೆಯಾಗಿ ಕಾಣಿಸಿಕೊಳ್ಳುತ್ತದೆ.

ಇದೇ ಅರಿವನ್ನು ಹಿಂದುಮುಂದಾಗಿಸಿದಾಗ ಕ್ಯಾನ್ಸರಿನ ಮದ್ದು ದೊರೆಯಿತು. ಕ್ಯಾನ್ಸರ್ ಎಂದರೆ ಒಡೆಯುವುದನ್ನು ನಿಲ್ಲಿಸದ ಕೋಶಗಳ ರೋಗ. ಹಾಗಾದರೆ ಅವಕ್ಕೆ ಫೋಲಿಕ್ ಆಮ್ಲ ದಕ್ಕದಂತೆ ಮಾಡಿದರೆ ಅವುಗಳ ಓಟ ತಗ್ಗಬೇಕು. ರಚನೆಯಲ್ಲಿ ಫೋಲಿಕ್ ಆಮ್ಲವನ್ನೇ ಹೋಲುತ್ತಿದ್ದರೂ ಅದರ ಕೆಲಸ ಮಾಡದೆ, ಆ ಕೆಲಸ ನಡೆಸುವ ಕಿಣ್ವವನ್ನು ಹಿಡಿದು ನಿಲ್ಲಿಸುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ಲೆಡರ್ಲಿಯ ತಂಡ ತಯಾರಿಸಿಕೊಟ್ಟಿತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟು, 10 ಮಕ್ಕಳಲ್ಲಿ ತಾತ್ಕಾಲಿಕ ಸುಧಾರಣೆ ಕಂಡುದನ್ನು 1948ರ ಜೂನ್ ತಿಂಗಳಲ್ಲಿ ಪ್ರಕಟಿಸಿದರು. ಅದರ ಸೋದರ ಔಷಧವಾದ ಮೆಥೊಟ್ರೆಕ್ಸೇಟ್ ರಕ್ತದ ಕ್ಯಾನ್ಸರಿಗೂ ಸಂಧಿವಾತಕ್ಕೂ ಇಂದಿಗೂ ಬಳಕೆಯಲ್ಲಿದೆ.

ಸುಬ್ಬರಾವ್ ಅವರ ಮೂರನೆಯ ಕಾರ್ಯಕ್ಷೇತ್ರ ಕೋಶದ ಪ್ರೋಟೀನು ತಯಾರಿಕೆಗೆ ಸಂಬಂಧಿಸಿದ್ದು. ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದಾಗ ಬೆಂಜಮಿನ್ ಡಗ್ಗರ್ ಅವರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ಆರಿಯೊಮೈಸಿನ್ 1948ರಲ್ಲಿ ಬೆಳಕಿಗೆ ಬಂತು. ಇದೇ ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆಂಟಿಬಯಾಟಿಕ್. ಡಿಎನ್‌ಎಯ ಸೂಚನೆಯಂತೆ ಪ್ರೋಟೀನುಗಳನ್ನು ಹೆಣೆಯುವ ಕಣಗಳಿಗೆ ರೈಬೊಸೋಮ್ ಎಂದು ಹೆಸರು. ಬ್ಯಾಕ್ಟೀರಿಯಗಳ ರೈಬೊಸೋಮಿನ ರಚನೆ ಮನುಷ್ಯನ ಕೋಶದ ರೈಬೊಸೋಮಿಗಿಂತ ಬೇರೆಯಾಗಿರುವುದರಿಂದ ಈ ಔಷಧ ರೋಗಾಣುವಿನ ಪ್ರೋಟೀನು ತಯಾರಿಕೆಯನ್ನು ನಿಲ್ಲಿಸಿ, ರೋಗಿಯದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಔಷಧ ಆ ಕಣದ ಯಾವ ಮೂಲೆಯಲ್ಲಿ ಹೋಗಿ ಕೂರುತ್ತದೆಂಬುದನ್ನು 2000ದ ಸುಮಾರಿಗೆ ತೋರಿಸಿದ ತಂಡಗಳಲ್ಲಿ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರದೂ ಒಂದು. ರೈಬೊಸೋಮಿನ ಅಧ್ಯಯನಕ್ಕೆ 2009ರ ನೊಬೆಲ್ ಪ್ರಶಸ್ತಿ ಅವರಿಗೂ ಇನ್ನಿಬ್ಬರಿಗೂ ಸಂದಿತು. ಸುಬ್ಬರಾವ್ ಅವರು 1948ರ ಆಗಸ್ಟಿನಲ್ಲಿ, 53ನೆಯ ವಯಸ್ಸಿನಲ್ಲಿ ತೀರಿಕೊಂಡರು. ಜನ್ಮಶತಮಾನೋತ್ಸವದ ವರ್ಷವಾದ 1995ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು.

ತರಗತಿಯಲ್ಲಿ ಇನ್ನೊಂದು ಸ್ಲೈಡ್

ಶಕ್ತಿಯ ಬಳಕೆ, ವಿಭಜನೆ, ಪ್ರೋಟೀನಿನ ತಯಾರಿಕೆ ಈ ಮೂರೂ ಕೋಶದೊಳಗಿನ ಕೆಲಸಗಳಾಗಿದ್ದು, ಬಣ್ಣ ಹಾಕಿದ ಈರುಳ್ಳಿ ಪೊರೆಯಲ್ಲಿ ಇವುಗಳಲ್ಲಿ ಒಂದೂ ಕಾಣುವುದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಸ್ಲೈಡನ್ನು ಇಡುವುದರಿಂದ ಪಾಠದ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಕೆರೆ ಕಾಲುವೆಗಳಲ್ಲಿ ಎಲ್ಲೆಡೆ ಬೆಳೆಯುವ ಹೈಡ್ರಿಲ್ಲ ಎಂಬ ನೀರುಗಿಡದ ಎಲೆ ಬಹುತೇಕ ಎರಡೇ ಕೋಶಗಳಷ್ಟು ದಪ್ಪವಿರುವುದರಿಂದ ಅದನ್ನು ಸೀಳುವ, ಬಣ್ಣ ಹಾಕುವ ಕೆಲಸವಿಲ್ಲ. ಎಳೆಯ ಎಲೆಯೊಂದನ್ನು ಅದೇ ನೀರಿನ ಹನಿಯಲ್ಲಿಟ್ಟು, ದೀಪದ ಬೆಳಕಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕ್ಲೋರೋಪ್ಲಾಸ್ಟುಗಳು ಒಂದರ ಹಿಂದೆ ಒಂದರಂತೆ ಕೋಶದ ಅಂಚಿನಗುಂಟ ಸುತ್ತುತ್ತಿರುವುದು ಕಾಣುತ್ತದೆ. ಕೋಶದ್ರವ್ಯವೇ ಹೀಗೆ ಹರಿಯುತ್ತ ಅವನ್ನು ಹೊತ್ತೊಯ್ಯುತ್ತಿದ್ದು, ಆ ಹರಿವನ್ನು ನಡೆಸುವುದು ಮಯೋಸಿನ್ ಎಂಬ ಪ್ರೋಟೀನು. ಪ್ರತಿಯೊಂದು ಹೆಜ್ಜೆಗೂ ಅದು ಒಂದು ಎಟಿಪಿ ಅಣುವನ್ನು ಒಡೆಯುತ್ತದೆ, ಎಟಿಪಿಯ ಪೂರೈಕೆ ತಪ್ಪಿದರೆ ಹರಿವು ನಿಲ್ಲುತ್ತದೆ. ಮನುಷ್ಯನ ಸ್ನಾಯುವನ್ನು ಕುಗ್ಗಿಸುವುದೂ ಮಯೋಸಿನ್ ಕುಟುಂಬದ ಪ್ರೋಟೀನೇ. ಫಿಸ್ಕ್ ಮತ್ತು ಸುಬ್ಬರಾವ್ ಎಟಿಪಿಯನ್ನು ಮೊದಲು ಹೊರತೆಗೆದದ್ದೂ ಸ್ನಾಯುವಿನಿಂದಲೇ. ಕಾಲುವೆಯ ಕಳೆಗಿಡಕ್ಕೂ ಗುಡ್ಡ ಹತ್ತುವ ಯಾತ್ರಿಕನ ಕಾಲಿಗೂ ಚಲನೆಯ ಯಂತ್ರ ಒಂದೇ ಕುಟುಂಬದ್ದು, ಅದಕ್ಕೆ ಸಲ್ಲುವ ಶಕ್ತಿಯೂ ಒಂದೇ ಬಗೆಯದು ಎಂಬುದನ್ನು ಈ ಸ್ಲೈಡಿನ ಮುಂದೆ ನಿಲ್ಲಿಸಿ ವಿವರಿಸಿದರೆ, ಕೋಶವು ಎಲ್ಲ ಜೀವಿಗಳಿಗೂ ಸಾಮಾನ್ಯವಾದ ಮೂಲ ಘಟಕವೆಂಬ ಪಠ್ಯಪುಸ್ತಕದ ವಾಕ್ಯವನ್ನು ವಿದ್ಯಾರ್ಥಿ ಬಾಯಿಪಾಠ ಮಾಡಬೇಕಾಗಿ ಬರುವುದಿಲ್ಲ.